ನಾಲ್ಕು ಮೇಣದ ಬತ್ತಿಗಳು

ಮೇಲಧಿಕಾರಿಯು ನುಡಿದ ವಿನೋದಕ್ಕೆ ಕಛೇರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುವುದನ್ನು ವಾಚಕರು ಕಂಡಿರಬಹುದು. ಆ ನಗೆಯಲ್ಲಿ ಹಾಸ್ಯಕ್ಕೆ ಸಂದ ಪಾಲೆಷ್ಟು, ಹುದ್ದೆಗೆ ಸಂದ ಪಾಲೆಷ್ಟು ಎಂದು ಬೇರ್ಪಡಿಸಿ ನೋಡುವ ಧೈರ್ಯ ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ. ಇಂಗ್ಲೆಂಡಿನ ನಟನೊಬ್ಬನಿಗೆ ಆ ಧೈರ್ಯವಿತ್ತು.

ಆತನೇ ರಾನಿ ಬಾರ್ಕರ್, ತುಂಬಿದ ಮೈಯವನು. ಜೊತೆಗಾರ ರಾನಿ ಕಾರ್ಬೆಟ್, ಐದಡಿಯ ಮೇಲೆ ಒಂದೇ ಅಂಗುಲ ಎತ್ತರದ ಪುಟ್ಟ ಆಳು. ಈ ಇಬ್ಬರು ರಾನಿಗಳು 1971ರಿಂದ 1987ರವರೆಗೆ ಬಿಬಿಸಿ ದೂರದರ್ಶನದಲ್ಲಿ ‘ದಿ ಟೂ ರಾನೀಸ್’ ಎಂಬ ಕಿರುಪ್ರಹಸನಗಳ ಕಾರ್ಯಕ್ರಮವನ್ನು ನಡೆಸಿ ಮನೆಮಾತಾದರು.

ಅದಕ್ಕೂ ಮುಂಚೆ, 1960ರ ದಶಕದ ಕೊನೆಯಲ್ಲಿ, ಡೇವಿಡ್ ಫ್ರಾಸ್ಟ್ ನಡೆಸುತ್ತಿದ್ದ ಕಾರ್ಯಕ್ರಮವೊಂದರಲ್ಲಿ ಇಬ್ಬರೂ ಅಭಿನಯಿಸುತ್ತಿದ್ದರು. ಅಲ್ಲಿಗೆ ಜೆರಾಲ್ಡ್ ವೈಲಿ ಎಂಬಾತನಿಂದ ಪ್ರಹಸನಗಳು ಬರತೊಡಗಿದವು. ಎಲ್ಲರೂ ಮೆಚ್ಚಿದರು; ವೈಲಿಯನ್ನು ಕಂಡವರು ಮಾತ್ರ ಯಾರೂ ಇಲ್ಲ! ಯಾರೋ ಪ್ರಖ್ಯಾತ ನಾಟಕಕಾರನೇ ಇರಬೇಕೆಂದು ಊಹೆಗಳು ಹಬ್ಬಿದವು. ಕಾರ್ಬೆಟ್ ಒಂದು ಪ್ರಹಸನವನ್ನು ಕೊಳ್ಳಬಯಸಿದಾಗ ಮೂರು ಸಾವಿರ ಪೌಂಡು ಬೆಲೆ ಹೇಳಿ ಕಳಿಸಿದ ವೈಲಿ, ಕೊನೆಗೆ ಅದನ್ನು ಉಚಿತವಾಗಿಯೇ ಕೊಟ್ಟುಬಿಟ್ಟನು. ಒಂದು ದಿನ ವೈಲಿಯ ಹೆಸರಿನಲ್ಲಿ ಎಲ್ಲರಿಗೂ ಊಟದ ಆಮಂತ್ರಣ ಬಂದಿತು. ಆ ಪಂಕ್ತಿಯಲ್ಲಿ ಎದ್ದು ನಿಂತು, ವೈಲಿ ತಾನೇ ಎಂದು ತಿಳಿಸಿದವನು ಬಾರ್ಕರ್! ಮಿತ್ರರ ದಾಕ್ಷಿಣ್ಯದ ಹೊಗಳಿಕೆ ಆತನಿಗೆ ಬೇಡವಾಗಿತ್ತು. ಬರಹವು ತನ್ನ ಯೋಗ್ಯತೆಯಿಂದಲೇ ಗೆಲ್ಲಬೇಕು, ಇಲ್ಲವೇ ಬೀಳಬೇಕು.

ಆತನ ಲೇಖನಿಯಿಂದಲೇ ಹೊರಟದ್ದು 1976ರ ಪ್ರಸಿದ್ಧ ಪ್ರಹಸನ. ಕಬ್ಬಿಣ ಸಾಮಾನಿನ ಅಂಗಡಿ. ಗಿರಾಕಿ ಬಾರ್ಕರ್ ‘ಫೋರ್ ಕ್ಯಾಂಡಲ್ಸ್’ ಎನ್ನುತ್ತಾನೆ. ಅಂಗಡಿಯ ಕಾರ್ಬೆಟ್ ನಾಲ್ಕು ಮೇಣದ ಬತ್ತಿಗಳನ್ನು ತಂದಿಡುತ್ತಾನೆ. ಗಿರಾಕಿಗೆ ಬೇಕಾಗಿದ್ದುದು ‘ಫೋರ್ಕ್ ಹ್ಯಾಂಡಲ್ಸ್’, ಎಂದರೆ ತೋಟದ ಮಣ್ಣು ಸಡಿಲಿಸುವ ಫೋರ್ಕಿಗೆ ಹಾಕುವ ಹಿಡಿ! ಆತನ ನಾಲಗೆಯಲ್ಲಿ ಹಕಾರ ಹೊರಳದು. ಬಳಿಕ ‘ಓಸ್’ ಎಂದಾಗ ಮೊದಲು ಗುದ್ದಲಿ ಬರುತ್ತದೆ, ಆಮೇಲೆ ನೀರಿನ ಕೊಳವೆ. ಆತ ಕೇಳಿದ್ದು ಗೇಟಿನ ಮೇಲಿನ ಹೆಸರಿಗೆ ಬೇಕಾದ ‘ಓ’ ಅಕ್ಷರಗಳನ್ನು.

ಪದವನ್ನು ಒಡೆಯುವ ಬಗೆ ಬದಲಾದೊಡನೆ ಅರ್ಥವೂ ಬದಲಾಗುವ ಈ ಚಮತ್ಕಾರವನ್ನು ನಮ್ಮ ಆಲಂಕಾರಿಕರು ಸಭಂಗಶ್ಲೇಷವೆಂದರು. ಹಾಲು ‘ಆಲಾ’ಗುವ, ಹಾವು ‘ಆವಾ’ಗುವ ಆಡುಮಾತನ್ನು ಕೇಳಿ ಬಲ್ಲ ಕನ್ನಡಿಗನಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ಗಮನಿಸಬೇಕಾದ ಅಂಶ ಇನ್ನೊಂದಿದೆ. ಇಲ್ಲಿ ಮೂರ್ಖರು ಯಾರೂ ಇಲ್ಲ. ಕೇಳಿದವನು ಸರಿಯಾಗಿಯೇ ಕೇಳಿದ. ಕೊಟ್ಟವನು ಕೇಳಿಸಿದ್ದನ್ನೇ ಕೊಟ್ಟ. ಒಬ್ಬನನ್ನು ತುಳಿಯದೆ ನಗಿಸುವುದು ಸುಲಭದ ವಿದ್ಯೆಯಲ್ಲ.

ಬಾರ್ಕರ್ 2005ರಲ್ಲಿ ತೀರಿಕೊಂಡನು. ಮರುವರ್ಷ, ಇಂಗ್ಲೆಂಡಿನ ಅರಸರ ಪಟ್ಟಾಭಿಷೇಕ ನಡೆಯುವ ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ಆತನ ಸ್ಮರಣೆಯ ಪ್ರಾರ್ಥನೆ ನಡೆದಾಗ, ವಾಡಿಕೆಯಂತೆ ಎರಡು ಮೇಣದ ಬತ್ತಿಗಳನ್ನಲ್ಲ, ನಾಲ್ಕನ್ನು ಹೊತ್ತು ತಂದರು. 2016ರಲ್ಲಿ ಕಾರ್ಬೆಟ್ ತೀರಿಕೊಂಡಾಗಲೂ ಆತನ ಅಂತ್ಯಕ್ರಿಯೆಯಲ್ಲಿ ನಾಲ್ಕು ಬತ್ತಿಗಳು ಬೆಳಗಿದವು. ಅದೇಕೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ತನ್ನ ಹೆಸರನ್ನು ಮರೆಮಾಚಿ ಹಾಸ್ಯವನ್ನು ತೂಗಿಸಿಕೊಂಡವನು ಆತ. ಕೊನೆಗೆ ಆ ಹಾಸ್ಯವೇ ಆತನ ಹೆಸರನ್ನು ಹೇಳಿತು.