ಒಂದು ಅಲಗು ಸಾಲದೆ?

ನಮ್ಮ ವಿದ್ಯಾರ್ಥಿನಿಲಯದಲ್ಲಿ ಮುಖಕ್ಷೌರದ ವಿಷಯವಾಗಿ ಮೂರು ಪಕ್ಷಗಳಿವೆ. ಮೊದಲನೆಯದು ಗಡ್ಡಧಾರಿಗಳ ಪಕ್ಷ. ಸಂಖ್ಯಾಬಲದಿಂದ ನೋಡಿದರೆ ಈಗ ಅವರದೇ ಸರ್ಕಾರ. ಎರಡನೆಯದು ಕಾರ್ಟ್ರಿಜ್ ಪಕ್ಷ. ಎಂದರೆ, ಎರಡು, ಮೂರು, ಐದು ಅಲಗುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ತಲೆಯೊಂದನ್ನು ಹಿಡಿಗೆ ಸಿಕ್ಕಿಸಿ, ಅದು ಮೊಂಡಾದಾಗ ಇಡೀ ತಲೆಯನ್ನೇ ಬಿಸುಟು ಹೊಸ ತಲೆ ಕೊಳ್ಳುವವರು. ಮೂರನೆಯದು ಹಳೆಯ ಸೇಫ್ಟಿ ರೇಜರಿನ ಪಕ್ಷ. ನಮ್ಮ ಮಹಡಿಯಲ್ಲಿ ಇದರ ಸದಸ್ಯರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ನನ್ನ ಕಾಟ ತಾಳಲಾರದೆ ಸೇರಿದವನು. ಎರಡು ವರ್ಷಗಳ ಹಿಂದೆ ನಾನೂ ಎರಡನೆಯ ಪಕ್ಷದಲ್ಲಿದ್ದವನೇ. ಪಕ್ಷಾಂತರ ಮಾಡಿದವರು ಕಾರಣ ಹೇಳುವ ವಾಡಿಕೆ ನಮ್ಮ ದೇಶದಲ್ಲಿ ಅಷ್ಟಾಗಿ ಇಲ್ಲ. ಆದರೂ ನಾನು ಹೇಳುತ್ತೇನೆ. ವಾಚಕ ಮಿತ್ರರು ಸ್ವಲ್ಪ ಸಹನೆಯಿಂದ ಕೇಳಬೇಕು.

ಮೊದಲು ಲೆಕ್ಕ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಅಂಕಿಗಳಿಲ್ಲದೆ ಬಾಯಿ ತೆರೆದರೆ ನಮ್ಮ ಅಧ್ಯಾಪಕರು ಮೆಚ್ಚುವುದಿಲ್ಲ. ನಾನು ಬಳಸುತ್ತಿದ್ದುದು ಮೂರಲಗಿನ ತಲೆ. ನಾಲ್ಕರ ಪೊಟ್ಟಣಕ್ಕೆ 480 ರೂಪಾಯಿ ಕೊಟ್ಟಿದ್ದೆ; ಒಂದಕ್ಕೆ 120 ಬಿದ್ದಿತು. ದಿನ ಬಿಟ್ಟು ದಿನ ಕ್ಷೌರವೆಂದರೆ ವರ್ಷಕ್ಕೆ 180 ಬಾರಿ. ಒಂದು ತಲೆ ಹನ್ನೆರಡು ಬಾರಿಗೆ ಬರುತ್ತಿತ್ತು. ಹಾಗಾದರೆ ವರ್ಷಕ್ಕೆ ಹದಿನೈದು ತಲೆ, 1,800 ರೂಪಾಯಿ. ಈಗಿನ ಲೆಕ್ಕ ಹೀಗಿದೆ: ರೇಜರಿಗೆ ಒಂದೇ ಸಲ 350 ರೂಪಾಯಿ. ಐದು ಬ್ಲೇಡುಗಳ ಪೊಟ್ಟಣಕ್ಕೆ 15. ಒಂದು ಬ್ಲೇಡು ಐದು ಕ್ಷೌರಕ್ಕೆ ಧಾರಾಳವಾಗಿ ಸಾಕು. ವರ್ಷಕ್ಕೆ 36 ಬ್ಲೇಡು, 108 ರೂಪಾಯಿ. ಮೊದಲ ವರ್ಷ ರೇಜರಿನ ಬೆಲೆಯನ್ನು ಸೇರಿಸಿಕೊಂಡರೂ 458. ಉಳಿದದ್ದು 1,342 ರೂಪಾಯಿ. ವಿದ್ಯಾರ್ಥಿವೇತನದ ದಾರಿ ಕಾಯುತ್ತ ಊಟದ ಬಾಕಿಯನ್ನು ತಿಂಗಳಿಂದ ತಿಂಗಳಿಗೆ ದೂಡುವ ನಮ್ಮಂಥವರಿಗೆ ಇದು ಊರಿಗೆ ಹೋಗಿ ಬರುವ ಕೆಲವು ಸಲದ ಬಸ್ಸು ಚಾರ್ಜು, ಇಲ್ಲವೆ ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಗುವ ಆರೇಳು ಪಠ್ಯಗ್ರಂಥ. ಕಾರ್ಟ್ರಿಜ್ ಪಕ್ಷದ ಇಪ್ಪತ್ತು ಮಂದಿ ಹೀಗೆ ಮಾಡಿದರೆ ಉಳಿಯುವುದು 26,840 ರೂಪಾಯಿ. ಒಂದು ಬೀರು ಪುಸ್ತಕಗಳನ್ನು ಗಡ್ಡದ ನೊರೆಯೊಡನೆ ಮೋರಿಗೆ ಬಿಡುತ್ತಿದ್ದೇವೆ ಎಂದರೆ ಅತಿಶಯೋಕ್ತಿಯೇನೂ ಆಗಲಾರದು.

ಆದರೆ ಈ ಲೆಕ್ಕಕ್ಕಿಂತಲೂ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ತಲೆ ತುಟ್ಟಿಯಾದಷ್ಟೂ ಅದನ್ನು ಬಿಸಾಡಲು ಮನಸ್ಸು ಬಾರದು. ಹನ್ನೆರಡಕ್ಕೆ ಮುಗಿಯಬೇಕಾದದ್ದನ್ನು ಇಪ್ಪತ್ತಕ್ಕೆ ಎಳೆಯುತ್ತೇವೆ, ಕೈ ಬರಿದಾದ ತಿಂಗಳಲ್ಲಿ ಮೂವತ್ತಕ್ಕೂ ಎಳೆಯುತ್ತೇವೆ. ಆಮೇಲೆ ನಡೆಯುವುದು ಕ್ಷೌರವಲ್ಲ, ಕೀಳುವಿಕೆ. ಕತ್ತೆಲ್ಲ ಕೆಂಪಗೆ ದದ್ದು ಎದ್ದು, ಸಂದರ್ಶನಕ್ಕೆ ಹೊರಟವನು ಕಾಲರನ್ನು ಮೇಲಕ್ಕೆಳೆದುಕೊಂಡು ಹೋಗುವುದನ್ನು ನಾನು ನೋಡಿದ್ದೇನೆ. ಉಳ್ಳವನು ಅದೇ ತಲೆಯನ್ನು ವಾರಕ್ಕೊಮ್ಮೆ ಬದಲಾಯಿಸಿ ನುಣುಪಾಗಿ ತಿರುಗಾಡುತ್ತಾನೆ. ಇಲ್ಲದವನಿಗೆ ಅತ್ಯಾಧುನಿಕ ಸಾಧನದಿಂದಲೇ ಅತ್ಯಂತ ಮೊಂಡು ಕ್ಷೌರ. ಮೂರು ರೂಪಾಯಿಯ ಬ್ಲೇಡಿನ ಮುಂದೆ ಈ ಭೇದವಿಲ್ಲ. ಮೊಂಡಾಯಿತೆ? ತೆಗೆ, ಹೊಸದು ಹಾಕು.

ಸೋದರಿಯರು ಈ ಪುಟವನ್ನು ಮಗುಚಿ ಮುಂದೆ ಹೋಗಬೇಕಾಗಿಲ್ಲ. 1915ರಷ್ಟು ಹಿಂದೆಯೇ ಜಿಲೆಟ್ ಕಂಪೆನಿಯು ಹೆಂಗಸರಿಗೆಂದು ಬೇರೆ ರೇಜರನ್ನು ಮಾಡಿ ಮಾರಿತು. ಗುಲಾಬಿ ಬಣ್ಣ ಬಳಿದ ಮಾತ್ರಕ್ಕೆ ಒಂದು ಪದಾರ್ಥ ಬೇರೆಯಾಗುತ್ತದೆಯೆ ಎಂಬ ಪ್ರಶ್ನೆಯನ್ನು ಅವರಿಗೇ ಬಿಡುತ್ತೇನೆ.

ಇನ್ನು ಇತಿಹಾಸ. ರಕ್ಷಣೆಯುಳ್ಳ ಕ್ಷೌರದ ಕತ್ತಿಯ ಯೋಚನೆ ಹದಿನೆಂಟನೆಯ ಶತಮಾನದ ಫ್ರಾನ್ಸಿನಷ್ಟು ಹಳೆಯದು; ಅಲ್ಲಿ ಪೆರ್ರೆ ಎಂಬಾತ ಕತ್ತಿಗೆ ಮರದ ಕಾಪನ್ನು ತೊಡಿಸಿದ್ದ. 1880ರಲ್ಲಿ ಅಮೆರಿಕದ ಕಾಂಫೆ ಸೋದರರು ಇನ್ನೊಂದು ಮಾದರಿಗೆ ಪೇಟೆಂಟು ಪಡೆದರು. ಆದರೆ ಅವರ ಅಲಗನ್ನೂ ಮತ್ತೆ ಮತ್ತೆ ಮಸೆಯಬೇಕಾಗಿತ್ತು. ಮಸೆಯುವ ಕಷ್ಟವನ್ನೇ ತೆಗೆದುಹಾಕಿದವನು ಕಿಂಗ್ ಕ್ಯಾಂಪ್ ಜಿಲೆಟ್ (1855–1932). ಈತ ಬಾಟಲಿಯ ಮುಚ್ಚಳಗಳ ಕಂಪೆನಿಯೊಂದರ ಪರವಾಗಿ ಊರೂರು ಸುತ್ತಿ ವ್ಯಾಪಾರ ಮಾಡುತ್ತಿದ್ದ. ಆ ಮುಚ್ಚಳವನ್ನು ಕಂಡುಹಿಡಿದ ಪೇಂಟರ್ ಎಂಬಾತ, ಒಮ್ಮೆ ಬಳಸಿ ಬಿಸಾಡುವಂಥ ವಸ್ತುವನ್ನು ಏನಾದರೂ ಮಾಡು, ಜನ ಮತ್ತೆ ಬಂದೇ ಬರುತ್ತಾರೆ ಎಂದು ಇವನಿಗೆ ಬುದ್ಧಿ ಹೇಳಿದನಂತೆ. 1895ರಲ್ಲಿ ತೆಳುವಾದ ಬ್ಲೇಡಿನ ಆಲೋಚನೆ ಹೊಳೆಯಿತು. ಅಷ್ಟು ತೆಳುವಾದ ಉಕ್ಕಿಗೆ ಹದ ಕೊಟ್ಟು ಧಾರೆ ಹಿಡಿಸುವುದು ಆಗದ ಕೆಲಸವೆಂದು ಬಲ್ಲವರು ಕೈಬಿಟ್ಟಿದ್ದರು. ನಿಕರ್‌ಸನ್ ಎಂಬ ಎಂಜಿನಿಯರನು ಅದನ್ನು ಸಾಧಿಸಿಕೊಟ್ಟ. 1903ರಲ್ಲಿ, ಮಾರಾಟದ ಮೊದಲ ವರ್ಷ, ಬಿಕರಿಯಾದದ್ದು 51 ರೇಜರು, 168 ಬ್ಲೇಡು. 1904ರಲ್ಲಿ ಪೇಟೆಂಟು ಸಿಕ್ಕಿತು. ಒಂದನೆಯ ಮಹಾಯುದ್ಧದ ಕೊನೆಯ ವರ್ಷವಾದ 1918ರಲ್ಲಿ ಅಮೆರಿಕ ಸರ್ಕಾರವು ತನ್ನ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರುಗಳನ್ನು ತರಿಸಿಕೊಂಡಿತು. ಯುದ್ಧದಿಂದ ಮರಳಿದ ಹುಡುಗರು ಮನೆಯಲ್ಲೇ ಗಡ್ಡ ಹೆರೆದುಕೊಳ್ಳುವ ಅಭ್ಯಾಸವನ್ನು ಊರಿಗೆ ತಂದರು.

ಈ ಜಿಲೆಟ್ ವಿಚಿತ್ರ ಮನುಷ್ಯ. ರೇಜರಿನ ಆಲೋಚನೆಗೆ ಒಂದು ವರ್ಷ ಮೊದಲು, 1894ರಲ್ಲಿ, ಪೈಪೋಟಿಯೇ ಸಮಾಜದ ಕೇಡಿಗೆ ಮೂಲ, ಜನರೇ ಒಡೆಯರಾದ ಒಂದು ಮಹಾಸಂಸ್ಥೆ ಎಲ್ಲ ಉತ್ಪಾದನೆಯನ್ನೂ ನಡೆಸಬೇಕು ಎಂದು ವಾದಿಸಿ ಪುಸ್ತಕ ಬರೆದಿದ್ದ! ಪುಸ್ತಕವನ್ನು ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ಬ್ಲೇಡನ್ನು ಲೋಕವೆಲ್ಲ ಕೊಂಡಿತು. ರೇಜರನ್ನು ಅಗ್ಗವಾಗಿ ಕೊಟ್ಟು ಬ್ಲೇಡಿನಲ್ಲಿ ಲಾಭ ಎತ್ತಿದ ಎಂದು ವಾಣಿಜ್ಯದ ಮಿತ್ರರು ಹೇಳುವುದುಂಟು. ಪೇಟೆಂಟು ಇದ್ದಷ್ಟು ಕಾಲ ಅವನು ಹಾಗೆ ಮಾಡಲಿಲ್ಲ. ರೇಜರಿನ ಬೆಲೆ ಐದು ಡಾಲರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಬೆಲೆ ಇಳಿದದ್ದು 1921ರಲ್ಲಿ ಪೇಟೆಂಟಿನ ಅವಧಿ ಮುಗಿದು, ಯಾರು ಬೇಕಾದರೂ ಮಾಡಬಹುದೆಂದಾದ ಹೊತ್ತಿಗೆ. 1930ರಲ್ಲಿ ಹೊಸ ಬ್ಲೇಡಿನ ಆಕಾರದ ಬಗ್ಗೆ ಎದುರಾಳಿ ಕಂಪೆನಿಯೊಡನೆ ವ್ಯಾಜ್ಯ ಎದ್ದು, ಕೊನೆಗೆ ಎರಡು ಕಂಪೆನಿಗಳೂ ಒಂದಾದವು. ನಡುವೆ ಉದ್ದಕ್ಕೆ ಸೀಳಿರುವ ಎರಡಲಗಿನ ಬ್ಲೇಡು ಸುಮಾರಾಗಿ ಆ ಕಾಲದ ರೂಪದಲ್ಲಿಯೇ ಇಂದಿಗೂ ಉಳಿದಿದೆ.

ನನ್ನ ವಾದದ ಬೇರು ಇರುವುದು ಇಲ್ಲಿ. ಆ ಆಕಾರ ಈಗ ಯಾರ ಸ್ವತ್ತೂ ಅಲ್ಲ. ಜಪಾನಿನ ಬ್ಲೇಡನ್ನು ನಮ್ಮೂರ ರೇಜರಿಗೆ ಹಾಕಬಹುದು. ನಮ್ಮ ಟೋಪಾಜನ್ನು ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ವಿಲಾಯತಿ ರೇಜರಿಗೆ ಹಾಕಬಹುದು. ಈಜಿಪ್ಟಿನವರದು, ತುರ್ಕಿಯವರದು ಯಾವುದಾದರೂ ಕೂಡುತ್ತದೆ. ಒಬ್ಬ ಬೆಲೆ ಏರಿಸಿದರೆ ಇನ್ನೊಬ್ಬನ ಅಂಗಡಿಗೆ ಹೋಗಬಹುದು. ಕಾರ್ಟ್ರಿಜಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಹಿಡಿ ನಿಮ್ಮದು, ಕೊಂಡಿ ಕಂಪೆನಿಯದು. ಇವರ ತಲೆ ಅವರ ಹಿಡಿಗೆ ಕೂಡದು. ಅಷ್ಟೇಕೆ, ಅವರದೇ ಮೂರಲಗಿನ ಹಿಡಿಗೆ ಅವರದೇ ಐದಲಗಿನ ತಲೆ ಕೂಡದು. ಹಿಡಿಯನ್ನು ಕೊಂಡ ದಿನವೇ ಮುಂದಿನ ವರ್ಷಗಳ ಕಂದಾಯಕ್ಕೆ ರುಜು ಹಾಕಿದಂತೆ.

ಅಲಗುಗಳ ಸಂಖ್ಯೆ ಏರಿದ ಬಗೆಯೂ ಸ್ವಾರಸ್ಯವಾಗಿದೆ. 1971ರಲ್ಲಿ ಎರಡು. 1998ರಲ್ಲಿ ಮೂರು. 2003ರಲ್ಲಿ ಎದುರಾಳಿಯವರು ನಾಲ್ಕು ಎಂದರು. 2006ರಲ್ಲಿ ಐದು. ಹರಾಜಿನ ಕೂಗಿನಂತಿಲ್ಲವೆ? ನನ್ನ ಅಭಿಪ್ರಾಯದಲ್ಲಿ ಜಿಲೆಟ್ಟನ ಅನಂತರ ಈ ವಿದ್ಯೆಯಲ್ಲಿ ಆದ ನಿಜವಾದ ಪ್ರಗತಿ ಒಂದೇ: 1960ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ವಿಲ್ಕಿನ್‌ಸನ್ ಕಂಪೆನಿಯವರು ತುಕ್ಕು ಹಿಡಿಯದ ಉಕ್ಕಿನ ಬ್ಲೇಡನ್ನು ಪೇಟೆಗೆ ಬಿಟ್ಟದ್ದು. ಅದರ ಫಲ ಇಂದಿನ ಮೂರು ರೂಪಾಯಿಯ ಬ್ಲೇಡಿನಲ್ಲಿಯೂ ಇದೆ.

ಹೆಚ್ಚು ಅಲಗುಗಳಿಗೆ ಅವರು ಕೊಡುವ ಕಾರಣವನ್ನು ಅಲ್ಲಗಳೆಯುವುದಿಲ್ಲ. ಮುಂದಿನ ಅಲಗು ಕೂದಲನ್ನು ಕತ್ತರಿಸುವಾಗಲೇ ಸ್ವಲ್ಪ ಹೊರಕ್ಕೆಳೆಯುತ್ತದೆ. ಅದು ಒಳಕ್ಕೆ ಸರಿಯುವ ಮುನ್ನ ಹಿಂದಿನ ಅಲಗು ಇನ್ನಷ್ಟು ಬುಡದಲ್ಲಿ ಕತ್ತರಿಸುತ್ತದೆ. ಕೆನ್ನೆ ನುಣುಪಾಗುವುದು ನಿಜ. ಆದರೆ ಹಾಗೆ ಕತ್ತರಿಸಿದ ತುದಿ ಚರ್ಮದ ಕೆಳಕ್ಕೆ ಇಳಿದಿರುತ್ತದೆ. ಗುಂಗುರು ಕೂದಲಿನವರಿಗೆ ಅದು ಬೆಳೆಯುವಾಗ ಹೊರಬರುವ ದಾರಿ ತಪ್ಪಿ ಒಳಗೇ ಸುರುಳಿ ಸುತ್ತಿಕೊಂಡು ಗುಳ್ಳೆಯಾಗುತ್ತದೆ. ನಮ್ಮಲ್ಲಿ ಎಷ್ಟೋ ಮಂದಿಯ ಕತ್ತಿನ ಗುಳ್ಳೆಗಳಿಗೆ ಮುಲಾಮಿನ ಮೇಲೆ ಮುಲಾಮು ಬೀಳುತ್ತಿದೆ. ಕಾರಣ ಮಾತ್ರ ಬಚ್ಚಲುಮನೆಯ ಗೂಡಿನಲ್ಲಿ ಬೆಚ್ಚಗೆ ಕುಳಿತಿರುತ್ತದೆ.

ಪುಸ್ತಕದ ಪ್ರಮಾಣ ಬೇಡವೆನ್ನುವವರು ಕಾಲೇಜಿನ ಎದುರಿನ ಕ್ಷೌರದ ಅಂಗಡಿಯಲ್ಲಿ ಐದು ನಿಮಿಷ ಕುಳಿತು ನೋಡಲಿ. ಅಲ್ಲಿ ಐದಲಗಿನ ತಲೆ ಇದೆಯೆ? ಆತ ಪೊಟ್ಟಣ ಬಿಚ್ಚಿ, ಎರಡಲಗಿನ ಬ್ಲೇಡನ್ನು ಕಾಗದ ಸಮೇತ ನಡುವೆ ಮುರಿದು, ಅರ್ಧವನ್ನು ಕತ್ತಿಗೆ ಸಿಕ್ಕಿಸುತ್ತಾನೆ. ದಿನಕ್ಕೆ ಹತ್ತಾರು ಮುಖ ನೋಡುವವನು, ಕೈಚಳಕದಿಂದ ಹೊಟ್ಟೆ ಹೊರೆಯುವವನು, ಒಂದು ಅಲಗಿನ ಅರ್ಧವೇ ಸಾಕೆನ್ನುತ್ತಾನೆ. ಈ ಅಗ್ಗದ ಬ್ಲೇಡು ಸಣ್ಣ ಊರಿನ ಸಂತೆಯಲ್ಲೂ ಸಿಕ್ಕುವುದಕ್ಕೆ ನಾವು ಅವನಿಗೇ ಋಣಿಗಳು. ಈ ವಿಷಯದಲ್ಲಿ ನನಗೆ ಜಾಹೀರಾತಿನ ಆಟಗಾರರಿಗಿಂತ ಅವನ ಮಾತಿನಲ್ಲೇ ನಂಬಿಕೆ.

ಈಗ ಕ್ರಮ, ಹೊಸಬರಿಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಒಣಗಿದ ಗಡ್ಡದ ಮೇಲೆ ರೇಜರನ್ನು ಇಡಬಾರದು. ಸ್ನಾನ ಮುಗಿದ ಕೂಡಲೆ, ಅಥವಾ ಎರಡು ಮೂರು ನಿಮಿಷ ಬಿಸಿನೀರು ಹಚ್ಚಿದ ಮೇಲೆ, ಕೂದಲು ನೀರು ಕುಡಿದು ಮೆತ್ತಗಾಗುತ್ತದೆ. ಆಮೇಲೆ ಕುಂಚದಿಂದ ನೊರೆ. ಡಬ್ಬಿಯಿಂದ ಬುಸ್ಸೆಂದು ಬರುವ ನೊರೆ ಬೇಡ. ಬಿಲ್ಲೆ ಸಾಬೂನು ಸಾಕು. ರೇಜರಿನ ಹಿಡಿಯನ್ನು ಕೆನ್ನೆಗೆ ನೇರ ಅಡ್ಡವಾಗಿ ಹಿಡಿದು ಮೆಲ್ಲನೆ ಕೆಳಗಿಳಿಸುತ್ತ ಬನ್ನಿ. ಅಲಗು ಕೂದಲಿಗೆ ತಾಕಿ ಸರಸರ ಎಂದು ಸಣ್ಣ ಸದ್ದು ಬರುವ ಕಡೆ ನಿಲ್ಲಿಸಿ. ಅಲಗಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿ ಕೋನ ಅಲ್ಲಿರುತ್ತದೆ. ಒತ್ತಬಾರದು. ಕಾರ್ಟ್ರಿಜಿನವರಿಗೆ ಒತ್ತುವ ಚಟ ಅಂಟಿರುತ್ತದೆ. ಅದನ್ನು ಬಿಡುವುದೇ ಇಡೀ ವಿದ್ಯೆಯ ಮುಕ್ಕಾಲು ಪಾಲು. ರೇಜರಿನ ಭಾರವೇ ಕೆಲಸ ಮಾಡಲಿ, ಕೈ ದಾರಿ ತೋರಿಸಲಿ. ಕೂದಲು ಮಲಗಿರುವ ದಿಕ್ಕಿಗೇ ಎಳೆಯಬೇಕು. ಕೆನ್ನೆಯಲ್ಲಿ ಅದು ಕೆಳಮುಖ. ಕತ್ತಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿಕ್ಕು, ಬೆರಳಾಡಿಸಿ ನೋಡಿಕೊಳ್ಳಬೇಕು. ಕೊನೆಗೆ ತಣ್ಣೀರು, ಒಂದು ತುಂಡು ಪಟಿಕ. ಅಷ್ಟೆ.

ಬ್ಲೇಡಿನ ಆಯುಷ್ಯದ ಬಗ್ಗೆ ಜಿಪುಣತನ ಬೇಡ. ಉಕ್ಕಿಗಿಂತ ಐವತ್ತು ಪಟ್ಟು ಮೃದುವಾದ ಕೂದಲು ಉಕ್ಕಿನ ಅಲಗನ್ನು ಕೆಡಿಸುವುದು ಹೇಗೆ ಎಂಬುದನ್ನು 2020ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಮಾಡಿದ್ದಾರೆ. ಅಲಗು ಸವೆದು ಮೊಂಡಾಗುವುದಕ್ಕಿಂತ ಮುಖ್ಯವಾಗಿ, ಕೂದಲು ಬಾಗಿ ಓರೆಯಾಗಿ ತಾಕಿದ ಕಡೆಗಳಲ್ಲಿ ಅಂಚಿನಿಂದ ಸಣ್ಣ ಚಕ್ಕೆ ಏಳುತ್ತದೆಯಂತೆ. ನೀರಿನಲ್ಲಿ ನೆನೆದ ಕೂದಲಿನ ಮಹತ್ವ ಇದರಿಂದಲೂ ತಿಳಿಯುವುದಷ್ಟೆ.

ವಿರೋಧಪಕ್ಷದವರ ಮಾತನ್ನೂ ಕೇಳಬೇಕು. ಇದಕ್ಕೆ ಹೊತ್ತು ಹೆಚ್ಚು ಹಿಡಿಯುತ್ತದೆ ಎನ್ನುತ್ತಾರೆ. ನಿಜ, ನಾಲ್ಕು ನಿಮಿಷದ ಕಡೆ ಏಳು ನಿಮಿಷ. ಕೈಯಲ್ಲಿ ಅಲಗು ಇರುವಾಗ ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿಯಲಾಗದು ಎಂಬುದು ಇದರ ದೋಷವೋ ಗುಣವೋ ನಾನು ಹೇಳಲಾರೆ. ವಿಮಾನದ ಕೈಚೀಲದಲ್ಲಿ ಈ ಬ್ಲೇಡನ್ನು ಒಯ್ಯಲು ಬಿಡುವುದಿಲ್ಲ ಎನ್ನುತ್ತಾರೆ. ಅದೂ ನಿಜ, ನಮ್ಮ ಊರಿನ ಕೆಂಪು ಬಸ್ಸಿನ ಕಂಡಕ್ಟರು ಇದುವರೆಗೆ ತಕರಾರು ಮಾಡಿಲ್ಲ.

ಇವೆರಡಕ್ಕಿಂತ ತೂಕದ ಆಕ್ಷೇಪ ಒಂದಿದೆ: ಅಗ್ಗದ ಕಾರ್ಟ್ರಿಜೂ ಇದೆಯಲ್ಲ? ಇದರ ಹಿಂದೆ ಒಂದು ಕಥೆಯುಂಟು. 2002ರ ಸುಮಾರಿಗೆ ಜಿಲೆಟ್ ಕಂಪೆನಿಯವರು ಭಾರತಕ್ಕೆಂದು ಮಾಡಿದ ರೇಜರನ್ನು ಪರೀಕ್ಷಿಸಿದ್ದು ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಮೇಲೆ. ಅಲ್ಲಿ ಎಲ್ಲರೂ ಮೆಚ್ಚಿದರು. ಇಲ್ಲಿಗೆ ಬಂದಾಗ ಸೋತಿತು. ಅಲ್ಲಿದ್ದವರಿಗೆ ಹರಿಯುವ ನಲ್ಲಿ ನೀರು. ಇಲ್ಲಿನ ಬಹುಮಂದಿಗೆ ಒಂದು ಲೋಟ ನೀರು. ಅಲಗಿನ ಸಂದಿಯಲ್ಲಿ ಸಿಕ್ಕಿದ ಕೂದಲು ತೊಳೆದುಹೋಗಲಿಲ್ಲ. ಆಮೇಲೆ ಅವರು ಇಲ್ಲಿನ ಮನೆಗಳಿಗೇ ಬಂದು, ನೆಲದ ಮೇಲೆ ಕುಳಿತು ಗಡ್ಡ ಹೆರೆಯುವವರನ್ನು ನೋಡಿ ಕಲಿತು, 2010ರಲ್ಲಿ ಒಂದೇ ಅಲಗಿನ ಕಾರ್ಟ್ರಿಜನ್ನು ತಂದರು: ಹಿಡಿಗೆ 15 ರೂಪಾಯಿ, ತಲೆಗೆ 5 ರೂಪಾಯಿ. ನೋಡಿ, ಬಡವನ ಲೋಟದ ಮುಂದೆ ಕುಳಿತಾಗ ಆ ಮಹಾಕಂಪೆನಿಯೇ ಒಂದು ಅಲಗು ಸಾಕೆಂದಿತು! ಅಗ್ಗವಾದದ್ದನ್ನು ಅಗ್ಗವೆಂದೇ ಒಪ್ಪುತ್ತೇನೆ. ಆದರೂ ಆ ತಲೆ ಆ ಹಿಡಿಗೆ ಮಾತ್ರ. ನಾಳೆ ಅವರು ಮಾಡುವುದನ್ನು ನಿಲ್ಲಿಸಿದರೆ ಹಿಡಿಯನ್ನು ತೂತು ತೋಡಲು ಬಳಸಬೇಕಷ್ಟೆ.

ಇನ್ನುಳಿದದ್ದು ಕಸದ ಪ್ರಶ್ನೆ. ಕಾರ್ಟ್ರಿಜಿನ ತಲೆಯಲ್ಲಿ ಉಕ್ಕು, ಪ್ಲಾಸ್ಟಿಕ್, ರಬ್ಬರು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಯಾವ ಗುಜರಿಯವನೂ ಅದನ್ನು ಮುಟ್ಟುವುದಿಲ್ಲ. ಬ್ಲೇಡು ಶುದ್ಧ ಉಕ್ಕು, ಗುಜರಿಗೆ ಸಲ್ಲುತ್ತದೆ. ಆದರೆ ಇಲ್ಲಿ ನಮ್ಮ ಪಕ್ಷದ ಮೇಲೆ ಒಂದು ಹೊಣೆಯಿದೆ. ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಎಸೆದ ಬ್ಲೇಡು ಬೆಳಗ್ಗೆ ಕಸ ಬಾಚುವ ಪೌರಕಾರ್ಮಿಕರ ಬೆರಳಿಗೆ ಸಿಗುತ್ತದೆ. ನಾವು ಉಳಿಸಿದ 1,342 ರೂಪಾಯಿಗೆ ಅವರ ಕೈ ರಕ್ತ ತೆರುವುದಾದರೆ ಈ ಲೇಖನವನ್ನೆಲ್ಲ ಹರಿದುಹಾಕಬಹುದು. ಅಮೆರಿಕದ ಹಳೆಯ ಮನೆಗಳಲ್ಲಿ ಬಚ್ಚಲುಮನೆಯ ಕಪಾಟಿನ ಹಿಂಬದಿಗೆ ಸೀಳೊಂದನ್ನು ಬಿಟ್ಟು, ಹಳೆಯ ಬ್ಲೇಡು ಗೋಡೆಯ ಒಳಗೇ ಬೀಳುವಂತೆ ಮಾಡುತ್ತಿದ್ದರು. ನಮಗೆ ಗೋಡೆ ಕೊರೆಯುವ ಕೆಲಸ ಬೇಡ. ಮುಚ್ಚಳಕ್ಕೆ ಬೆಸುಗೆ ಹಾಕಿ, ಮೇಲೆ ಹುಂಡಿಯಂತೆ ಒಂದು ಸೀಳು ಬಿಟ್ಟ ತಗಡಿನ ಡಬ್ಬಿ ಪ್ರತಿ ಮಹಡಿಯ ಬಚ್ಚಲಿನಲ್ಲಿ ಇದ್ದರೆ ಸಾಕು. ತುಂಬುವುದಕ್ಕೆ ವರ್ಷಗಳೇ ಬೇಕು. ಈ ಬಗ್ಗೆ ನಿಲಯದ ಮೇಲ್ವಿಚಾರಕರಿಗೆ ಅರ್ಜಿ ಬರೆದು ಇಟ್ಟಿದ್ದೇನೆ. ಎರಡು ಡಬ್ಬಿಗಳನ್ನು ನಾನೇ ಕೊಡುತ್ತೇನೆ. ಅರ್ಜಿಗೆ ಹತ್ತು ಮಂದಿಯ ರುಜುವಾದರೂ ಬೇಕಂತೆ, ಗಡ್ಡಧಾರಿಗಳೂ ಹಾಕಬಹುದು.