ಒಂದೇ ಚಾಕು, ಎರಡು ಸಾವಿನ ಕಥೆ

ಕೋಳಿ ಕತ್ತರಿಸಿದ ಚಾಕುವನ್ನು ನೀರಿನಲ್ಲೊಮ್ಮೆ ಅದ್ದಿ, ಅದರಿಂದಲೇ ಸೌತೆಕಾಯಿ ಹೆಚ್ಚುವ ಅಭ್ಯಾಸ ನಿಮ್ಮ ಮನೆಯಲ್ಲಿದೆಯೆ? ಇದ್ದರೆ ಹ್ಯೂ ಪೆನ್ನಿಂಗ್‌ಟನ್ ಎಂಬ ವಿಜ್ಞಾನಿಯ ವಿಷಯ ನೀವು ತಿಳಿದಿರುವುದು ಒಳ್ಳೆಯದು.

ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ 1979ರಿಂದ 2003ರವರೆಗೆ ಬ್ಯಾಕ್ಟೀರಿಯಾ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಇವರು. 1996ರ ನವೆಂಬರ್‌ನಲ್ಲಿ ಅಲ್ಲಿನ ವಿಶಾ ಎಂಬ ಊರಿನಲ್ಲಿ ಒಂದು ಮಾಂಸದಂಗಡಿಯಿಂದ ಹೋದ ಆಹಾರ ತಿಂದು ಸುಮಾರು 500 ಮಂದಿ ಕಾಯಿಲೆ ಬಿದ್ದರು. ಕನಿಷ್ಠ 17 ಮಂದಿ ತೀರಿಕೊಂಡರು. ಚರ್ಚಿನವರು ಹಿರಿಯರಿಗಾಗಿ ಏರ್ಪಡಿಸಿದ್ದ ಊಟಕ್ಕೆ ಹೋಗಿ ಸತ್ತವರೂ ಅವರಲ್ಲಿದ್ದರು.

ಕಾರಣ, ಇ. ಕೋಲಿ ಓ157 ಎಂಬ ಬ್ಯಾಕ್ಟೀರಿಯಾ. ದನದ ಕರುಳಿನಲ್ಲಿ ಅದು ಯಾವ ತೊಂದರೆಯನ್ನೂ ಮಾಡದೆ ಇರುತ್ತದೆ. ಮನುಷ್ಯನಿಗಾದರೋ ನೂರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾಗಳು ಹೊಟ್ಟೆ ಸೇರಿದರೂ ಸಾಕು, ರಕ್ತಭೇದಿ ಶುರುವಾಗಬಹುದು. ಎಳೆಯ ಮಕ್ಕಳಲ್ಲಿ ಮತ್ತು ವಯಸ್ಸಾದವರಲ್ಲಿ ಅದರ ವಿಷ ಕೆಲವೊಮ್ಮೆ ಮೂತ್ರಪಿಂಡಗಳನ್ನೇ ಕೆಡಿಸುತ್ತದೆ. ಮಾಂಸದ ಒಳಭಾಗ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ನಿಮಿಷ ಬೆಂದರೆ ಅದು ಸಾಯುತ್ತದೆ. ಹಾಗಿದ್ದರೆ ಬೆಂದ ಮಾಂಸ ಹೇಗೆ ಅಪಾಯಕಾರಿಯಾಗುತ್ತದೆ? ಬೇಯಿಸಿ ಇಳಿಸಿದ ಮೇಲೆ ಹಸಿ ಮಾಂಸ ಮುಟ್ಟಿದ ಕೈ, ಚಾಕು, ಯಂತ್ರ ಅದಕ್ಕೂ ತಗುಲಿದರೆ ಸೋಂಕು ಮರಳಿ ಬರುತ್ತದೆ.

ತನಿಖೆಯ ಹೊಣೆ ಹೊತ್ತ ಪೆನ್ನಿಂಗ್‌ಟನ್ 1997ರಲ್ಲಿ ವರದಿ ಕೊಟ್ಟರು. ಹಸಿ ಮಾಂಸ, ಬೆಂದ ಮಾಂಸ ಎರಡನ್ನೂ ಬೇರೆ ಬೇರೆ ಇಡಬೇಕು. ಮಾಂಸದಂಗಡಿಗಳಿಗೆ ಪರವಾನಗಿ ಬೇಕು. ಯಾರಿಗೂ ಅರ್ಥವಾಗದ ವಿಜ್ಞಾನವೇನಲ್ಲ ಇದು. ಆದರೂ 2005ರಲ್ಲಿ ದಕ್ಷಿಣ ವೇಲ್ಸ್‌ನಲ್ಲಿ ಶಾಲೆಗಳಿಗೆ ಮಾಂಸ ಪೂರೈಸುತ್ತಿದ್ದ ಕಡೆ ಹಸಿಯದಕ್ಕೂ ಬೆಂದದ್ದಕ್ಕೂ ಒಂದೇ ಪ್ಯಾಕಿಂಗ್ ಯಂತ್ರ ಬಳಸಿದರು. 150ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಕಾಯಿಲೆ ಬಿದ್ದರು. ಐದು ವರ್ಷದ ಬಾಲಕನೊಬ್ಬ ಸತ್ತ. ನಿವೃತ್ತರಾಗಿದ್ದ ಅದೇ ಪ್ರಾಧ್ಯಾಪಕರನ್ನು ಕರೆದು ಮತ್ತೆ ತನಿಖೆ ಮಾಡಿಸಿದರು. 2009ರ ಆ ವರದಿಯಲ್ಲೂ ಅದೇ ಪಾಠ!

ಶಸ್ತ್ರಚಿಕಿತ್ಸೆ ಮಾಡಿ ಬದುಕಿಸಿದ ವೈದ್ಯರಿಗೆ ನಾವು ಕೈಮುಗಿಯುತ್ತೇವೆ. ಇಂಥ ಸಂಶೋಧಕರಿಂದ ಬದುಕಿದವರಿಗೆ ತಾವು ಬದುಕಿದ್ದೇ ಗೊತ್ತಿರುವುದಿಲ್ಲ. ಅದಕ್ಕೇ ಇರಬೇಕು, ಅವರ ಮಾತು ಸಾವಾದ ಮೇಲಷ್ಟೇ ನೆನಪಿಗೆ ಬರುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಈ ಕೆಲಸಕ್ಕೆ ಹಣ ಕೊಡುವುದು ದಂಡವೆಂದು ಯಾರಾದರೂ ಹೇಳಿದರೆ ನಾನಂತೂ ಒಪ್ಪಲಾರೆ.

ಸಸ್ಯಾಹಾರಿಗಳು ನಗುವಂತಿಲ್ಲ. 1996ರಲ್ಲೇ ಜಪಾನಿನ ಸಕಾಯ್ ನಗರದಲ್ಲಿ ಇದೇ ಬ್ಯಾಕ್ಟೀರಿಯಾದಿಂದ ಸಾವಿರಾರು ಶಾಲಾ ಮಕ್ಕಳು ನರಳಿದಾಗ ಅನುಮಾನ ಬಂದದ್ದು ಮೂಲಂಗಿಯ ಮೊಳಕೆಯ ಮೇಲೆ.

ನಮ್ಮ ಕೋಳಿ ಸಾರು ಚೆನ್ನಾಗಿ ಕುದಿಯುತ್ತದೆ, ಅದರ ಬಗ್ಗೆ ಭಯ ಬೇಡ. ನೋಡಬೇಕಾದದ್ದು ಪಕ್ಕದಲ್ಲಿಡುವ ಈರುಳ್ಳಿ, ಸೌತೆಕಾಯಿಗಳನ್ನು. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು. ಮಾಂಸಕ್ಕೆ ಬೇರೆ ಮಣೆ, ಬೇರೆ ಚಾಕು ಇಟ್ಟುಕೊಳ್ಳಿ. ಒಂದೇ ಇದ್ದರೆ ತರಕಾರಿ ಮೊದಲು ಹೆಚ್ಚಿ ಮುಚ್ಚಿಡಿ, ಕೋಳಿ ಆಮೇಲೆ. ಕೊನೆಗೆ ಮಣೆ, ಚಾಕು, ಕೈ ಮೂರನ್ನೂ ಸೋಪು ಹಾಕಿ ತೊಳೆಯಿರಿ.