ನಿವೃತ್ತಿಯ ರೊಕ್ಕ, ಸಕ್ಕರೆಯ ಷೇರು

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಕಲಬುರಗಿ ಜಿಲ್ಲೆಯ ಅಫಜಲಪುರದ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳದೇ ದರ್ಬಾರು. ಹವಳಗಾದಲ್ಲಿ ರೇಣುಕಾ ಶುಗರ್ಸ್, ಚಿಣಮಗೇರಾದಲ್ಲಿ ಕೆಪಿಆರ್, ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಎನ್‌ಎಸ್‌ಎಲ್, ಅವಿಭಜಿತ ಜೇವರ್ಗಿ ತಾಲ್ಲೂಕಿನ ಮಳ್ಳಿ–ನಾಗರಹಳ್ಳಿ ಕಡೆ ಉಗಾರ್ ಶುಗರ್. ಇವುಗಳಲ್ಲಿ ರೇಣುಕಾ ಮತ್ತು ಉಗಾರ್ ಷೇರುಪೇಟೆಯಲ್ಲಿರುವ ಕಂಪನಿಗಳು. ಚಿಣಮಗೇರಾದ ಕಾರ್ಖಾನೆ ತಮಿಳುನಾಡಿನ ಜವಳಿ ಕಂಪನಿ ಕೆಪಿಆರ್ ಮಿಲ್‌ನ ಕೂಸು. ಅದರ ಷೇರೂ ಪೇಟೆಯಲ್ಲಿದೆ. ನಿವೃತ್ತಿಯ ರೊಕ್ಕ ಕೈಗೆ ಬಂದ ಮಾಸ್ತರರಿಗೆ ಷೇರಿನ ಆಸೆ ಹುಟ್ಟಿದರೆ ಮೊದಲು ನೆನಪಾಗುವುದು ಇಂಥ ಹೆಸರುಗಳೇ. ‘ಕಾರ್ಖಾನೆ ನಮ್ಮ ಕಣ್ಣೆದುರಿಗೇ ಐತ್ರಿ, ದಿನಾ ಲಾರಿ ಹೊಂಟಾವ, ಎಲ್ಲಿ ಹೋಗತೈತಿ?’ ಎಂಬ ಧೈರ್ಯ.

ಹಾಗಾದರೆ ಹವಳಗಾದ ಕಾರ್ಖಾನೆಯ ಒಡೆತನದ ಕಂಪನಿಯ ಷೇರಿಗೆ ಏನಾಯಿತು ಎಂದು ನೋಡೋಣ. ಬೆಳಗಾವಿಯ ನರೇಂದ್ರ ಮುರಕುಂಬಿ ಕಟ್ಟಿದ ರೇಣುಕಾ ಶುಗರ್ಸ್ 2005ರಲ್ಲಿ ಷೇರುಪೇಟೆಗೆ ಬಂತು. ಬೆಳವಣಿಗೆ ಭರಾಟೆಯದು. 2010ರ ಆರಂಭದಲ್ಲಿ ಷೇರು ನೂರು ರೂಪಾಯಿ ದಾಟಿತ್ತು. ಅದೇ ಹೊತ್ತಿಗೆ ಕಂಪನಿ ಸಾಲ ಎತ್ತಿ ಬ್ರೆಜಿಲ್‌ನಲ್ಲಿ ಎರಡು ಸಕ್ಕರೆ ಕಂಪನಿಗಳನ್ನು ಹಿಡಿಯಿತು. ಮುಂದೆ ಅಲ್ಲಿ ಬರ ಬಿತ್ತು, ಜಗತ್ತಿನ ಸಕ್ಕರೆ ದರ ಇಳಿಯಿತು, ಬ್ರೆಜಿಲ್ ಸರ್ಕಾರ ಪೆಟ್ರೋಲ್ ದರವನ್ನು ಅದುಮಿ ಹಿಡಿದಿದ್ದರಿಂದ ಕಬ್ಬಿನಿಂದ ತಯಾರಿಸುವ ಎಥೆನಾಲ್ ಇಂಧನದ ಲಾಭವೂ ಕರಗಿತು. 2015ರಲ್ಲಿ ಬ್ರೆಜಿಲ್‌ನ ಅಂಗಸಂಸ್ಥೆ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. 2018ರಲ್ಲಿ ಕಂಪನಿಯ ಹಿಡಿತ ಸಿಂಗಪುರದ ವಿಲ್ಮಾರ್ ಕೈಗೆ ಹೋಯಿತು. 2020ರ ಹೊತ್ತಿಗೆ ಷೇರಿನ ಬೆಲೆ ಹತ್ತು ರೂಪಾಯಿಯೊಳಗೆ. ಆಮೇಲೆ ಎಥೆನಾಲ್ ಗಾಳಿ ಬೀಸಿ 2022ರಲ್ಲಿ ಐವತ್ತು ದಾಟಿತು. 2023ರ ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥೆನಾಲ್ ತಯಾರಿಸಬಾರದೆಂದು ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿದ್ದೇ ತಡ, ದೇಶದ ಸಕ್ಕರೆ ಷೇರುಗಳೆಲ್ಲ ಕುಸಿದವು.

ಈ ಏರಿಳಿತದಲ್ಲಿ ಹವಳಗಾದ ಗೇಟಿನ ಮುಂದೆ ನಿಂತವರಿಗೆ ಕಾಣುವಂಥದ್ದು ಒಂದೂ ಇರಲಿಲ್ಲ. ಚಿಮಣಿ ಹೊಗೆಯಾಡುತ್ತಿದ್ದಾಗಲೇ ಷೇರು ಮಣ್ಣು ಮುಕ್ಕಿತು. ಕಾರ್ಖಾನೆಯ ಪರಿಚಯ ಬೇರೆ, ಕಂಪನಿಯ ಸಾಲ, ಲಾಭ, ಸರ್ಕಾರದ ನೀತಿಗಳ ತಿಳಿವಳಿಕೆ ಬೇರೆ. 2010ರಲ್ಲಿ ನಿವೃತ್ತರಾಗಿ ಗ್ರಾಚ್ಯುಟಿಯ ಹಣವನ್ನೆಲ್ಲ ಇದೊಂದೇ ಷೇರಿಗೆ ಸುರಿದವರು ಎಪ್ಪತ್ತು ದಾಟಿದ ಮೇಲೂ ಅಸಲಿಗಾಗಿ ಕಾಯಬೇಕಾಗುತ್ತಿತ್ತು.

ಹಾಗೆಂದು ‘ಷೇರು ಎಂದರೆ ಜೂಜು, ನಮಗ್ಯಾಕೆ’ ಎಂದು ಕೈತೊಳೆದುಕೊಳ್ಳುವುದೂ ಸರಿಯೆನಿಸುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ 6ರಷ್ಟು ಏರಿದರೆ ಹನ್ನೆರಡು ವರ್ಷಕ್ಕೆ ಖರ್ಚು ಎರಡರಷ್ಟಾಗುತ್ತದೆ. ಅರವತ್ತಕ್ಕೆ ತಿಂಗಳಿಗೆ 25,000 ರೂಪಾಯಿಯಲ್ಲಿ ನಡೆಯುತ್ತಿದ್ದ ಮನೆಗೆ ಎಪ್ಪತ್ತೆರಡಕ್ಕೆ 50,000 ಬೇಕು; ಔಷಧಿಯ ಖರ್ಚು ಹೆಚ್ಚುವುದೂ ಆ ವಯಸ್ಸಿಗೇ. ಬ್ಯಾಂಕಿನ ಠೇವಣಿ ಅಸಲನ್ನು ಕಾಯುತ್ತದೆ, ಆದರೆ ಬಡ್ಡಿಯನ್ನೆಲ್ಲ ಉಂಡು ಮುಗಿಸುವವರ ಅಸಲು ಬೆಳೆಯುವುದಿಲ್ಲ. ದೇಶದ ದೊಡ್ಡ ಕಂಪನಿಗಳ ಲಾಭದಲ್ಲಿ ಒಂದಿಷ್ಟು ಪಾಲು ಬೇಕೆನಿಸುವುದು ಈ ಕಾರಣಕ್ಕೆ. ಎಷ್ಟು ಪಾಲು ಎಂಬಲ್ಲಿ ಮಾತ್ರ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದದು.

ಜೇವರ್ಗಿಯ ಒಂದೇ ಓಣಿಯಲ್ಲಿ ಇಬ್ಬರು ನಿವೃತ್ತರಿದ್ದಾರೆ ಎಂದುಕೊಳ್ಳಿ. ಒಬ್ಬರು 2006ರ ಏಪ್ರಿಲ್‌ಗಿಂತ ಮುಂಚೆ ನೌಕರಿಗೆ ಸೇರಿದ ಸರ್ಕಾರಿ ಶಾಲೆಯ ಮಾಸ್ತರು, ಹಳೇ ಪಿಂಚಣಿ ವ್ಯವಸ್ಥೆಯವರು. ಬದುಕಿರುವ ತನಕ ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ, ಅವರ ನಂತರ ಮಡದಿಗೆ ಕುಟುಂಬ ಪಿಂಚಣಿ. ಇನ್ನೊಬ್ಬರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕಂಡಕ್ಟರ್. ಅವರಿಗೆ ಪಿಎಫ್ ಮತ್ತು ಗ್ರಾಚ್ಯುಟಿ ಇಡಿಗಂಟಾಗಿ ಬರುತ್ತದೆ. ಪಿಂಚಣಿ ಮಾತ್ರ ಇಪಿಎಸ್–95 ಎಂಬ ನೌಕರರ ಪಿಂಚಣಿ ಯೋಜನೆಯದು. ಅದರಲ್ಲಿ ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳದ ಮಿತಿ 2014ರಿಂದ 15,000 ರೂಪಾಯಿ, ಅದಕ್ಕೂ ಮೊದಲು ಬರೀ 6,500. ಹಾಗಾಗಿ ಮೂರು ದಶಕ ಟಿಕೆಟ್ ಹರಿದವರ ಕೈಗೂ ತಿಂಗಳಿಗೆ ಕೆಲವೇ ಸಾವಿರ. ತುಟ್ಟಿಭತ್ಯೆಯ ಮಾತೇ ಇಲ್ಲ.

ಇಬ್ಬರ ಪಾಸ್‌ಬುಕ್ಕಿನಲ್ಲೂ ಇಪ್ಪತ್ತು ಲಕ್ಷ ಇರಬಹುದು. ಮಾಸ್ತರರಿಗೆ ಅದು ಉಳಿತಾಯ, ಕಂಡಕ್ಟರರಿಗೆ ಮುಂದಿನ ಇಪ್ಪತ್ತು ವರ್ಷದ ಸಂಬಳ. ಪೇಟೆ ಅರ್ಧಕ್ಕೆ ಇಳಿದರೆ ಮಾಸ್ತರು ಮುಖ ಸಣ್ಣಗೆ ಮಾಡಿಕೊಂಡಾರು, ಪಿಂಚಣಿಯಲ್ಲಿ ಮನೆ ನಡೆಸುತ್ತ ಕಾದಾರು. ಕಂಡಕ್ಟರರು ಅಕ್ಕಿ–ಜೋಳಕ್ಕಾಗಿ ಇಳಿದ ಬೆಲೆಗೇ ಷೇರು ಮಾರಬೇಕಾಗುತ್ತದೆ. ಹಾಗೆ ಮಾರಿದ ಷೇರು ಪೇಟೆ ಚೇತರಿಸಿಕೊಂಡಾಗ ಅವರ ಖಾತೆಯಲ್ಲಿ ಇರುವುದಿಲ್ಲ. ‘ನೂರರಲ್ಲಿ ವಯಸ್ಸು ಕಳೆದರೆ ಎಷ್ಟು ಉಳಿಯುತ್ತದೋ ಅಷ್ಟು ಪಾಲು ಷೇರಿಗೆ’ ಎಂಬ ಸೂತ್ರವನ್ನು ಮೊಬೈಲಿನಲ್ಲಿ ಹಂಚುವವರಿದ್ದಾರೆ. ಅದರ ಪ್ರಕಾರ ಅರವತ್ತರ ಈ ಇಬ್ಬರೂ ಶೇ 40 ಹಾಕಬೇಕು! ಪಿಂಚಣಿಯನ್ನೇ ಕೇಳದ ಸೂತ್ರ ನಿವೃತ್ತರಿಗೆ ಯಾವ ಉಪಯೋಗಕ್ಕೆ?

ಪೇಟೆ ಅರ್ಧಕ್ಕೆ ಇಳಿಯುವುದು ಹೆದರಿಸಲು ಹೇಳುವ ಮಾತೇನೂ ಅಲ್ಲ. 2008ರ ಜನವರಿಯಲ್ಲಿ 20,800 ದಾಟಿದ್ದ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2009ರ ಮಾರ್ಚ್‌ನಲ್ಲಿ 8,160ಕ್ಕೆ ಬಂದಿತ್ತು. ಹತ್ತು ಲಕ್ಷಕ್ಕೆ ನಾಲ್ಕು ಲಕ್ಷದ ಲೆಕ್ಕ. 2010ರ ದೀಪಾವಳಿಗೆ ಮತ್ತೆ ಹಳೆಯ ಎತ್ತರ ಮುಟ್ಟಿ, ಅಲ್ಲಿಂದ ಜಾರಿ, ಅದನ್ನು ಗಟ್ಟಿಯಾಗಿ ದಾಟಿ ಮುಂದೆ ಹೋಗಲು 2013ರ ಕೊನೆಯವರೆಗೆ ಹಿಡಿಯಿತು. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 23ರ ಒಂದೇ ದಿನ ಸೆನ್ಸೆಕ್ಸ್ 3,934 ಅಂಶ ಕುಸಿಯಿತು. ಆ ಸಲ ನವೆಂಬರ್‌ಗೆಲ್ಲ ಹಳೆಯ ಎತ್ತರ ದಾಟಿತು. ಒಮ್ಮೆ ವರ್ಷದೊಳಗೆ, ಒಮ್ಮೆ ಐದಾರು ವರ್ಷ. ಯಾವುದು ಯಾವಾಗ ಎಂದು ಮುಂಚಿತವಾಗಿ ಹೇಳುವವರು ಯಾರೂ ಇಲ್ಲ.

ತೊಗರಿ ಬೆಳೆಯುವ ನಾಡಿಗೆ ಇದು ತಿಳಿಯದ ಸಂಗತಿಯಲ್ಲ. 2015ರ ಕೊನೆಯಲ್ಲಿ ಕ್ವಿಂಟಲ್‌ಗೆ ಹತ್ತು ಸಾವಿರ ಮೀರಿದ್ದ ತೊಗರಿ 2017ರಲ್ಲಿ 5,050ರ ಬೆಂಬಲ ಬೆಲೆಗಿಂತಲೂ ಕೆಳಗಿಳಿದಿದ್ದನ್ನು ಕಲಬುರಗಿಯ ಗಂಜ್ ಕಂಡಿದೆ. ಆಗ ಚೀಲಗಳನ್ನು ಮನೆಯಲ್ಲಿ ಒಟ್ಟಿಕೊಂಡು ಕಾಯಲು ಆದದ್ದು ಕೈಸಾಲದ ಗಡುವು ಇಲ್ಲದ ರೈತರಿಗೆ ಮಾತ್ರ. ಉಳಿದವರು ಅಡತಿ ಅಂಗಡಿಯ ಅಂದಿನ ದರಕ್ಕೇ ತೂಕ ಹಾಕಿಸಿದರು.

ಆದ್ದರಿಂದ ಯಾವ ಷೇರು ಎಂದು ಕೇಳುವ ಮೊದಲು ಯಾವ ರೊಕ್ಕ ಎಂದಿಗೆ ಬೇಕು ಎಂದು ಕೇಳಿಕೊಳ್ಳಬೇಕು. ಎರಡು ವರ್ಷದ ಮನೆ ಖರ್ಚು, ಆಸ್ಪತ್ರೆಗೆಂದು ಒಂದಿಷ್ಟು, ಮಗಳ ಮದುವೆ ಎದುರಿಗಿದ್ದರೆ ಅದರದ್ದು, ಇವು ಬ್ಯಾಂಕಿನಲ್ಲಿರಲಿ. ಒಂದೇ ಬ್ಯಾಂಕಿನಲ್ಲಿ ಬೇಡ; ಬ್ಯಾಂಕು ಮುಳುಗಿದರೆ ವಿಮೆಯಿಂದ ಸಿಗುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು–ಬಡ್ಡಿ ಸೇರಿ ಐದು ಲಕ್ಷದವರೆಗೆ ಮಾತ್ರ. 2020ರಲ್ಲಿ ಠೇವಣಿ ಸಿಕ್ಕಿಬಿದ್ದಾಗ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ ಸಾಲುಗಟ್ಟಿದವರಲ್ಲಿ ಹೆಚ್ಚಿನ ಬಡ್ಡಿಗೆಂದು ಹಣವಿಟ್ಟಿದ್ದ ಹಿರಿಯರೇ ಬಹಳ ಮಂದಿ. ಆಮೇಲೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ. 2023ರ ಏಪ್ರಿಲ್‌ನಲ್ಲಿ ಇದರ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ, ಬಡ್ಡಿ ಶೇ 8.2ಕ್ಕೆ ಏರಿತು. ಹಣ ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತದೆ. ಈ ದರದಲ್ಲಿ ಹತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ. ಕಂಡಕ್ಟರರ ಮನೆಗೆ ಇದಕ್ಕಿಂತ ಒಳ್ಳೆಯ ಅಡಿಪಾಯ ಸಿಗುವುದು ಕಷ್ಟ.

ಇಷ್ಟೆಲ್ಲ ಆದ ಮೇಲೆ ಏಳೆಂಟು ವರ್ಷ ಮುಟ್ಟದೇ ಬಿಡಬಹುದಾದ ಹಣ ಉಳಿದರೆ ಅದು ಷೇರಿನ ಹಣ. ಮಾಸ್ತರರಿಗೆ ಅದು ಗಂಟಿನ ಕಾಲುಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಇದ್ದೀತು. ಕಂಡಕ್ಟರರಿಗೆ ಹತ್ತನೇ ಒಂದು ಭಾಗ ದಾಟಬಾರದೆಂದು ನನ್ನ ಅಭಿಪ್ರಾಯ. ಏನೂ ಉಳಿಯದಿದ್ದರೆ ಹಾಕದಿದ್ದರೂ ನಷ್ಟವಿಲ್ಲ.

ಅರವತ್ತಕ್ಕೆ ಷೇರು ಕಲಿಯಲು ಹೊರಟವರು ಬಿಡಿ ಬಿಡಿ ಕಂಪನಿಗಳ ಬೆನ್ನು ಹತ್ತುವ ಅಗತ್ಯವೂ ಇಲ್ಲ. ನಿಫ್ಟಿ 50 ಎಂಬುದು ದೇಶದ ಐವತ್ತು ದೊಡ್ಡ ಕಂಪನಿಗಳ ಪಟ್ಟಿ. ಆ ಪಟ್ಟಿಯನ್ನೇ ಹಿಂಬಾಲಿಸುವ ಇಂಡೆಕ್ಸ್ ಫಂಡ್‌ನಲ್ಲಿ ಹಣ ಹಾಕಿದರೆ ಐವತ್ತರಲ್ಲೂ ಪಾಲು ಸಿಗುತ್ತದೆ, ನಿರ್ವಹಣೆಯ ಖರ್ಚೂ ಕಡಿಮೆ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಾರ್ಖಾನೆ ನಡೆಸುವ ಅಲ್ಟ್ರಾಟೆಕ್ ಸಿಮೆಂಟ್ ಅದರಲ್ಲಿದೆ. ನಮ್ಮೂರ ಕಾರ್ಖಾನೆಯ ಆಸೆ ಅಲ್ಲಿಗೆ ತೀರಿಸಿಕೊಳ್ಳಬಹುದು. ಸಕ್ಕರೆ ಕಂಪನಿ ಮಾತ್ರ ಒಂದೂ ಇಲ್ಲ. ಮೂರು ಲಕ್ಷ ಹಾಕುವುದಿದ್ದರೆ ಒಂದೇ ಸಲ ಬೇಡ, ಒಂದೂವರೆ ವರ್ಷಕ್ಕೆ ಹರಡಿ ತಿಂಗಳಿಗಿಷ್ಟು ಎಂದು ಹಾಕಿದರೆ ಬೆಲೆ ಉತ್ತುಂಗದಲ್ಲಿದ್ದ ದಿನವೇ ಎಲ್ಲ ಸುರಿದೆವೆಂಬ ಸಂಕಟ ತಪ್ಪುತ್ತದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ, 2024ರ ಜುಲೈನಿಂದ, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಅದರ ಮೇಲಿನದ್ದಕ್ಕೆ ಶೇ 12.5.

ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಷಯದಲ್ಲಿ ಮಾತ್ರ ನಾನು ಮೃದುವಾಗಿ ಹೇಳಲಾರೆ. ಷೇರುಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಈ ವಹಿವಾಟಿಗಿಳಿದ ಬಿಡಿ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡಿದ್ದಾರೆ. ಬೆಂಗಳೂರಿನಲ್ಲಿರುವ ಮಗ ‘ಅಪ್ಪಾ, ಎಫ್‌ಡಿ ಮುರಿದು ಕೊಡು, ತಿಂಗಳಿಗೆ ಶೇ 5 ಮಾಡಿ ಕೊಡ್ತೀನಿ’ ಎಂದು ಫೋನ್ ಮಾಡಿದರೆ ಈ ಅಂಕಿ ನೆನಪಿರಲಿ. ಮಗನಿಗೆ ಇಲ್ಲ ಎನ್ನುವುದು ಕಷ್ಟ, ಗೊತ್ತು. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿ, ಆ್ಯಪ್ ಒಂದನ್ನು ಕಳಿಸಿ, ಪರದೆಯ ಮೇಲೆ ಲಾಭ ತೋರಿಸಿ, ಹಣ ತೆಗೆಯಲು ಹೋದಾಗ ‘ಮೊದಲು ತೆರಿಗೆ ಕಟ್ಟಿ’ ಎನ್ನುವವರು ಮತ್ತೊಂದು ಜಾತಿ. ಸಲಹೆಗಾರರೆಂದು ಹೇಳಿಕೊಳ್ಳುವವರಿಂದ ಸೆಬಿ ನೋಂದಣಿ ಸಂಖ್ಯೆ ಕೇಳಿ, ಅದನ್ನು ಸೆಬಿಯ ಜಾಲತಾಣದಲ್ಲಿ ಪರೀಕ್ಷಿಸಿ. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಾದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬಿಡಿ ಷೇರು ಕೊಳ್ಳುವುದಾದರೆ ಬೇಕಾಗುವ ಡಿಮ್ಯಾಟ್ ಖಾತೆ ತೆರೆಯಲು ಪ್ಯಾನ್, ಆಧಾರ್ ಮತ್ತು ಬ್ಯಾಂಕ್ ಖಾತೆ ಸಾಕು. ಅರ್ಜಿ ತುಂಬುವಾಗ ನಾಮನಿರ್ದೇಶನ ಬೇಡವೆಂದು ಬಿಡುವವರೇ ಹೆಚ್ಚು, ಮನೆಯವರಿಗೆ ಹೇಳುವವರಂತೂ ಕಡಿಮೆ. ಏಳು ವರ್ಷ ಸತತವಾಗಿ ಯಾರೂ ಲಾಭಾಂಶ ಪಡೆಯದ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಅಲ್ಲಿಂದ ವಾಪಸ್ ಪಡೆಯಬಹುದು, ಆದರೆ ಆಳಂದದ ಮನೆಯಲ್ಲಿ ಕುಳಿತ ವಿಧವೆಯೊಬ್ಬರು ಅದಕ್ಕಾಗಿ ಮರಣಪತ್ರ, ಉತ್ತರಾಧಿಕಾರದ ದಾಖಲೆ, ಕಂಪನಿಯ ಪರಿಶೀಲನೆ ಎಂದು ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ. ಖಾತೆ ತೆರೆದ ದಿನವೇ ಮಡದಿಯ ಹೆಸರು ಬರೆಸಿ, ಖಾತೆ ಯಾವ ಬ್ರೋಕರ್ ಬಳಿ ಇದೆ, ಯಾವ ಮೊಬೈಲ್ ನಂಬರಿಗೆ ಜೋಡಿಸಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪಿಂಚಣಿ ಕಾಗದಗಳ ಜೊತೆಗೇ ಇಡಿ.